ಆದಿಲಶಾಹಿ ನೆಲದಲ್ಲಿ ಒಬ್ಬ ಕ್ರೈಸ್ತ ಬಿಷಪ್ಪನು

ವಿಜಯಪುರದಿಂದ ಪಡುವಣ ದಿಕ್ಕಿಗೆ ಅಥಣಿಯ ದಾರಿಯನ್ನು ಹಿಡಿದರೆ ತಿಕೋಟಾ ಎಂಬ ಊರು ಸಿಕ್ಕುತ್ತದೆ. ನೈಋತ್ಯಕ್ಕೆ ತಿರುಗಿ ಕೃಷ್ಣೆಯ ದಡದ ಗಲಗಲಿಯ ಕಡೆಗೆ ಇಳಿದರೆ ಬಬಲೇಶ್ವರ. ಇವೆರಡೂ ಬಹುಕಾಲ ವಿಜಯಪುರ ತಾಲ್ಲೂಕಿಗೇ ಸೇರಿದ್ದು, ಈಚೆಗೆ ತಾವೇ ತಾಲ್ಲೂಕುಗಳೆನಿಸಿಕೊಂಡ ಊರುಗಳು. ದಾರಿಯ ಎರಡು ಪಕ್ಕಕ್ಕೂ ಎರೆಯ ಹೊಲ, ಜೋಳ. ತಿಕೋಟಾದ ಕಡೆಗೆ ದ್ರಾಕ್ಷಿಯ ತೋಟ. ಬಬಲೇಶ್ವರದಲ್ಲಿ ವೀರಶೈವರ ದೊಡ್ಡ ಮಠವೊಂದಿದೆ. ಮೊಹರಮ್ ಬಂದಿತೆಂದರೆ ಈ ಸೀಮೆಯ ಹಳ್ಳಿಗಳಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರೂ, ಕರ್ಬಲೆಯ ಕಥೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುವವರೂ ಮುಸಲ್ಮಾನರೇ ಆಗಿರಬೇಕೆಂಬ ನಿಯಮವಿಲ್ಲ. ಲಿಂಗವಂತರೂ ಕುರುಬರೂ ಮುಂದೆ ನಿಂತು ಹಾಡುವುದುಂಟು. ಇದಕ್ಕೆ ಅವರು ಯಾವ ದೊಡ್ಡ ಹೆಸರನ್ನೂ ಕೊಡುವುದಿಲ್ಲ. ‘ನಮ್ಮೂರ ಹಬ್ಬ’ ಎನ್ನುತ್ತಾರೆ, ಅಷ್ಟೆ.

ಕೆಲವು ವರ್ಷಗಳ ಹಿಂದೆ ಕಾಲೇಜಿನ ಹುಡುಗರನ್ನು ಕರೆದುಕೊಂಡು ನಾವು ಈ ದಾರಿಯಲ್ಲಿ ಹೋಗುತ್ತಿದ್ದೆವು. ಅಂದು ಬೆಳಗ್ಗೆ ಗೋಲಗುಮ್ಮಟ, ಇಬ್ರಾಹಿಂ ರೋಜಾ, ಗಗನಮಹಲುಗಳನ್ನು ನೋಡಿ ಮುಗಿಸಿದ್ದಾಗಿತ್ತು. ಒಬ್ಬ ವಿದ್ಯಾರ್ಥಿ ಕೇಳಿದನು: “ಸರ್, ಬಿಜಾಪುರದ ಕಥೆಯೆಂದರೆ ಹಿಂದೂ ಮುಸಲ್ಮಾನರ ಕಥೆ ತಾನೆ? ಮೂರನೆಯವರು ಯಾರೂ ಇಲ್ಲವೆ?” ಇದ್ದಾರೆ ಎಂದೆವು. ಇಂಡಿಯಾದಲ್ಲಿ ಹುಟ್ಟಿ, ಲ್ಯಾಟಿನ್ ಸಂಪ್ರದಾಯದ ಕೆಥೋಲಿಕ್ ಸಭೆಯಲ್ಲಿ ಬಿಷಪ್ಪನಾದವರಲ್ಲಿ ಮೊದಲಿಗನು ಈ ಊರಿನ ಅರಸನ ಹೆಸರಿನಲ್ಲಿಯೇ ಆ ಪದವಿಯನ್ನು ಪಡೆದನು. 1637ರಲ್ಲಿ ರೋಮಿನಲ್ಲಿ ಅವನಿಗೆ ವಹಿಸಿಕೊಟ್ಟ ಪ್ರಾಂತದ ಹೆಸರು ‘ಇದಲ್ಕಾನನ ರಾಜ್ಯ’ ಎಂದು. ಇದಲ್ಕಾನ್ ಎಂದರೆ ಪೋರ್ಚುಗೀಸರ ನಾಲಗೆಯಲ್ಲಿ ಆದಿಲ್ ಖಾನ್. ಹುಡುಗರು ನಮ್ಮ ಮುಖವನ್ನು ನೋಡಿದರು. ಬಿಜಾಪುರದಲ್ಲಿ ನಾವು ಕಂಡ ಮಾರ್ಗದರ್ಶಿಗಳಲ್ಲಿ ಯಾರೂ ಈ ಸಂಗತಿಯನ್ನು ಹೇಳಿದವರಲ್ಲ. ಆದುದರಿಂದ ಈ ಹೊತ್ತಿನ ಭಾಷಣದಲ್ಲಿ ಅದನ್ನೇ ಹೇಳಬೇಕೆಂದು ಮಾಡಿದ್ದೇವೆ.

ರೋಮಿನ ಕೆಥೋಲಿಕ್ ಸಭೆಯು ಅನ್ಯಧರ್ಮಗಳನ್ನು ಕುರಿತು ಇಂದು ಆಡುತ್ತಿರುವ ಮಾತು, ಮನುಷ್ಯರೆಲ್ಲ ಒಡಹುಟ್ಟಿದವರೆಂಬ ಮಾತು, ಶ್ರೋತೃಗಳಲ್ಲಿ ಅನೇಕರಿಗೆ ಪತ್ರಿಕೆಗಳ ಮೂಲಕ ತಿಳಿದಿರಬಹುದು. ಆ ಮಾತುಗಳನ್ನು ರೋಮಿನ ಸಭಾಭವನದಲ್ಲಿ ಒಂದು ದಿನ ಹುಟ್ಟಿದವೆಂದು ಭಾವಿಸುವುದು ರೂಢಿ. ನಮಗೆ ಹಾಗೆ ತೋರುವುದಿಲ್ಲ. ಅವುಗಳ ಹಿಂದೆ ಬಹಳ ಕಹಿಯಾದ ಅನುಭವವಿದೆ. ಆ ಅನುಭವದ ಒಂದು ಪಾಲು ನಮ್ಮ ಕನ್ನಡ ನಾಡಿನ ಅಂಚಿನಲ್ಲಿ, ಆದಿಲಶಾಹಿಯ ಆಳ್ವಿಕೆಯ ನೆಲದಲ್ಲಿ ಒದಗಿದುದು.

ಮೊದಲು ಕಾಲವನ್ನು ಗುರುತುಮಾಡಿಕೊಳ್ಳೋಣ. 1510ರಲ್ಲಿ ಆಲ್ಬುಕರ್ಕನು ಗೋವೆಯನ್ನು ಬಿಜಾಪುರದವರ ಕೈಯಿಂದ ಕಿತ್ತುಕೊಂಡನು. ಆಗ ಅಲ್ಲಿನ ಮುಸಲ್ಮಾನರ ಕೊಲೆ ನಡೆಯಿತು. 1543ರಲ್ಲಿ ಬಾರ್ದೇಶ, ಸಾಷ್ಟಿ ಎಂಬ ಎರಡು ಸೀಮೆಗಳೂ ಪೋರ್ಚುಗೀಸರ ಪಾಲಾದುವು. 1560ರಲ್ಲಿ ಗೋವೆಯಲ್ಲಿ ಇನ್‌ಕ್ವಿಸಿಷನ್ ಎಂಬ ಮತವಿಚಾರಣೆಯ ನ್ಯಾಯಾಸ್ಥಾನವು ಸ್ಥಾಪಿತವಾಯಿತು. ಅದರ ಮರುವರ್ಷ, 1561ರಲ್ಲಿ, ಬಿಜಾಪುರದ ದೊರೆ ಒಂದನೆಯ ಆಲಿ ಆದಿಲಶಹನು ಗೋವೆಯ ಆರ್ಚ್‌ಬಿಷಪ್ಪನಿಗೆ ಹೇಳಿಕಳುಹಿಸಿದನು: ನಿಮ್ಮ ಧರ್ಮವನ್ನು ಬಲ್ಲ ಪಂಡಿತರನ್ನು ನಮ್ಮಲ್ಲಿಗೆ ಕಳುಹಿಸಿಕೊಡಿ ಎಂದು. ಗಗನಮಹಲು ಎದ್ದುದೂ ಆ ವರ್ಷವೆಂದೇ ಹೇಳುತ್ತಾರೆ. ಗೊನ್ಸಾಲೊ ರೊಡ್ರಿಗಸ್ ಎಂಬ ಜೆಸುಯಿಟ್ ಪಾದ್ರಿಯೂ ಅವನೊಡನೆ ಒಬ್ಬ ಡೊಮಿನಿಕನ್ ಸನ್ಯಾಸಿಯೂ ಘಟ್ಟವನ್ನು ಹತ್ತಿ ಬಿಜಾಪುರಕ್ಕೆ ಬಂದರು.

ಈ ಆಲಿ ಆದಿಲಶಹನು ಪುಸ್ತಕದ ಹುಚ್ಚಿನವನು. ದಂಡೆತ್ತಿ ಹೋಗುವಾಗಲೂ ಪುಸ್ತಕದ ಪೆಟ್ಟಿಗೆಗಳನ್ನು ಜೊತೆಯಲ್ಲಿ ಒಯ್ಯುತ್ತಿದ್ದನೆಂದು ಆ ಕಾಲದ ಇತಿಹಾಸಕಾರನಾದ ರಫೀಉದ್ದೀನ್ ಶೀರಾಜಿ ಬರೆದಿದ್ದಾನೆ. ಅವನ ಕಾಲದಲ್ಲಿ ಸಿದ್ಧವಾದ ‘ನುಜೂಮ್ ಉಲ್ ಉಲೂಮ್’ ಎಂಬ ಸಚಿತ್ರ ಗ್ರಂಥದಲ್ಲಿ ನಮ್ಮ ದೇವತೆಗಳೂ ಯೋಗಿನಿಯರೂ ಇದ್ದಾರೆ. ಪಾದ್ರಿಗಳನ್ನು ಅವನು ಕರೆಸಿದುದರಲ್ಲಿ ಕುತೂಹಲವೆಷ್ಟು, ರಾಜಕಾರಣವೆಷ್ಟು ಎಂದು ತೂಗಿ ಹೇಳುವುದು ಕಷ್ಟ. ಎರಡೂ ಇದ್ದುವೆಂದರೆ ತಪ್ಪಾಗದು. ಪಾದ್ರಿಗಳು ಬಂದರು, ಮರ್ಯಾದೆ ಪಡೆದರು, ಯಾರನ್ನೂ ಕ್ರೈಸ್ತರನ್ನಾಗಿ ಮಾಡದೆ ಹಿಂದಿರುಗಿದರು. ಹತ್ತು ವರ್ಷ ಕಳೆಯುವುದರೊಳಗೆ, 1570ರಲ್ಲಿ, ಅದೇ ದೊರೆ ಗೋವೆಗೆ ಮುತ್ತಿಗೆ ಹಾಕಿದನು. ಅಕ್ಬರನು ಗೋವೆಯ ಜೆಸುಯಿಟರನ್ನು ಫತೇಪುರ ಸಿಕ್ರಿಗೆ ಕರೆಸಿಕೊಂಡ ಕಥೆ ನಮ್ಮ ಶಾಲೆಯ ಪುಸ್ತಕಗಳಲ್ಲೆಲ್ಲ ಇದೆ. ಅವರು ಅಲ್ಲಿಗೆ ಮುಟ್ಟಿದುದು 1580ರಲ್ಲಿ. ಬಿಜಾಪುರವು ಅದಕ್ಕಿಂತ ಸುಮಾರು ಇಪ್ಪತ್ತು ವರ್ಷ ಮುಂಚೆಯೇ ಆ ಬಾಗಿಲನ್ನು ತೆರೆದಿತ್ತೆಂಬುದನ್ನು ನಮ್ಮ ಹುಡುಗರಿಗೆ ಯಾರೂ ಹೇಳುವುದಿಲ್ಲ.

ಬಿಜಾಪುರದ ರಾಜ್ಯದೊಳಗೆ ಕ್ರೈಸ್ತರು ಇರಲಿಲ್ಲವೆಂದೂ ಅಲ್ಲ. ರಾಯಚೂರಿನ ಸೀಮೆಯ ಮುದಗಲ್ಲಿನಲ್ಲಿ ಬಹು ಹಳೆಯದೊಂದು ಕೆಥೋಲಿಕ್ ಜನಸಮುದಾಯವಿದೆ. ಅಲ್ಲಿಯ ಇಗರ್ಜಿಯು 1557ಕ್ಕೂ ಹಿಂದಿನದೆಂದೂ, ಬಿಜಾಪುರದ ಅರಸರು ಅದಕ್ಕೆ ದತ್ತಿ ಬಿಟ್ಟಿದ್ದರೆಂದೂ ಹಳೆಯ ಗ್ಯಾಸೆಟಿಯರುಗಳಲ್ಲಿ ಬರೆದಿದೆ. ಮುದಗಲ್ಲು ಇಂದು ಕರ್ನಾಟಕಕ್ಕೆಲ್ಲ ಹೆಸರಾಗಿರುವುದು ಯಾವುದಕ್ಕೆಂದರೆ ಮೊಹರಮ್ ಹಬ್ಬಕ್ಕೆ. ಆ ಕೋಟೆಯ ಊರಿನಲ್ಲಿ ಮಸೀದಿ, ಗುಡಿ, ಇಗರ್ಜಿ ಮೂರಕ್ಕೂ ಜಾಗ ಸಿಕ್ಕಿದೆ. ಮೂರರ ಜನಕ್ಕೂ ಮಾತು ಕನ್ನಡವೇ.

ಇನ್ನು ಗೋವೆಯ ಕಡೆಗೆ ಹೋಗಬೇಕು. ಏಕೆಂದರೆ ನಮ್ಮ ಬಿಷಪ್ಪನು ಹುಟ್ಟಿದುದು ಅಲ್ಲಿ. ಮಾಂಡವಿ ನದಿಯ ನಡುವೆ ದಿವಾಡಿ ಎಂಬ ದ್ವೀಪವಿದೆ. ಕನ್ನಡಿಗರಿಗೆ ಅದು ಪರಸ್ಥಳವಲ್ಲ. ಗೋವೆಯ ಕದಂಬರ ಕುಲದೈವವಾದ ಸಪ್ತಕೋಟೀಶ್ವರನ ದೇವಾಲಯವು ಅಲ್ಲಿಯೇ ಇದ್ದಿತು. ಆ ಅರಸರು ತಮ್ಮ ಶಾಸನಗಳಲ್ಲಿ ಆ ದೇವರ ವರಪ್ರಸಾದವನ್ನು ಪಡೆದವರೆಂದು ಹೇಳಿಕೊಂಡಿದ್ದಾರೆ. 14ನೆಯ ಶತಮಾನದಲ್ಲಿ ಬಹಮನಿಯವರ ದಂಡು ಆ ಗುಡಿಯನ್ನು ಕೆಡವಿತು. ವಿಜಯನಗರದವರ ಕಾಲದಲ್ಲಿ ಅದು ಮತ್ತೆ ಎದ್ದಿತು. 16ನೆಯ ಶತಮಾನದ ನಡುವಿನಲ್ಲಿ ಪೋರ್ಚುಗೀಸರು ಮತ್ತೊಮ್ಮೆ ಕೆಡವಿದರು. ಆಗ ಭಕ್ತರು ಲಿಂಗವನ್ನು ಕದ್ದು ನದಿಯನ್ನು ದಾಟಿಸಿ ಎದುರು ದಡದ ಡಿಚೋಲಿಯ ಸೀಮೆಯಲ್ಲಿ, ನಾರ್ವೆ ಎಂಬ ಹಳ್ಳಿಯಲ್ಲಿ ಇಟ್ಟರು. ಆ ಎದುರು ದಡವು ಯಾರದು? ಬಿಜಾಪುರದ ಆದಿಲಶಹನದು.

ದಾಟಿದುದು ಈ ಒಂದು ದೇವರಲ್ಲ. ಕುಶಸ್ಥಳಿಯ ಮಂಗೇಶ, ಕೆಳೋಶಿಯ ಶಾಂತಾದುರ್ಗೆ, ವೇರ್ಣೆಯ ಮಹಾಲಸೆ, ಹೀಗೆ ದೇವರ ಹಿಂದೆ ದೇವರು, ರಾತ್ರಿಯ ಹೊತ್ತು ದೋಣಿಯಲ್ಲಿಯೋ ಪಲ್ಲಕ್ಕಿಯಲ್ಲಿಯೋ ಹೊಳೆಯ ಆಚೆಗೆ ಹೊರಟವು. ಮಂಗೇಶಿ, ಕವಳೆ, ಮಾರ್ದೋಳಗಳಲ್ಲಿ ಇಂದು ನಾವು ಕಾಣುವ ಆ ದೇವಸ್ಥಾನಗಳೆಲ್ಲ ಅಂದು ಆದಿಲಶಾಹಿಗೆ ಸೇರಿದ್ದ ಅಂತ್ರೂಜಿನ ನೆಲದಲ್ಲಿ ನೆಲೆ ಪಡೆದವುಗಳು. ಹಿಂದೆ ಬಹಮನಿ ಸುಲ್ತಾನನ ಸೈನ್ಯಕ್ಕೆ ಹೆದರಿದ ದೇವರಿಗೆ ಈಗ ಅದೇ ಬಹಮನಿಯ ಕವಲಾದ ರಾಜ್ಯವು ಆಸರೆಯಾಯಿತು. ಇತಿಹಾಸವನ್ನು ಒಂದೇ ಬಣ್ಣದಲ್ಲಿ ಬಳಿಯುವವರು ಇಲ್ಲಿ ಸ್ವಲ್ಪ ನಿಂತು ನೋಡುವುದು ಒಳ್ಳೆಯದು. ಬಿಜಾಪುರವು ಸ್ವರ್ಗವಾಗಿತ್ತೆಂದು ನಾವು ಹೇಳುತ್ತಿಲ್ಲ. ಅದರ ಸರದಾರನಾದ ಅಫ್ಜಲಖಾನನು ತುಳಜಾಪುರ ಪಂಢರಪುರಗಳಲ್ಲಿ ಮಾಡಿದನೆನ್ನುವ ಹಾವಳಿಯನ್ನು ಮಹಾರಾಷ್ಟ್ರದವರು ಮರೆತಿಲ್ಲ. ಗಡಿಯ ಆಚೆಯವರು ಹೊರಗಟ್ಟಿದವರನ್ನು ಗಡಿಯ ಈಚೆ ಇರಗೊಡುವುದು ರಾಜಕಾರಣದ ಸಾಮಾನ್ಯ ಲೆಕ್ಕವೂ ಹೌದು. ಹಾಗಿದ್ದರೂ ಓಡಿಬಂದವನಿಗೆ ಬೇಕಾದುದು ಜಾಗ. ಜಾಗ ಕೊಟ್ಟವನ ಮನಸ್ಸಿನ ಲೆಕ್ಕವನ್ನು ಅವನು ಕೇಳುವುದಿಲ್ಲ.

ಅದೇ ದಿವಾಡಿ ದ್ವೀಪದಲ್ಲಿ, ಸಪ್ತಕೋಟೀಶ್ವರನು ಬಿಟ್ಟುಹೋದ ನೆಲದಲ್ಲಿ, 1594ರ ಸುಮಾರಿಗೆ ಕ್ರೈಸ್ತಮತವನ್ನು ಸ್ವೀಕರಿಸಿದ್ದ ಒಂದು ಬ್ರಾಹ್ಮಣ ಮನೆತನದಲ್ಲಿ ಮತೇವುಸ್ ದೆ ಕ್ಯಾಸ್ಟ್ರೋ ಹುಟ್ಟಿದನು. ಮನೆತನದ ಹಳೆಯ ಅಡ್ಡಹೆಸರು ಮಹಾಲೆ. ಹುಡುಗನು ಫ್ರಾನ್ಸಿಸ್ಕನರ ವಿದ್ಯಾಶಾಲೆಯಲ್ಲಿ ಲ್ಯಾಟಿನ್ ಕಲಿತನು, ಪಾದ್ರಿಯಾಗಬೇಕೆಂದು ಹಂಬಲಿಸಿದನು. ಗೋವೆಯ ಆರ್ಚ್‌ಬಿಷಪ್ಪನು ಅವನಿಗೆ ದೀಕ್ಷೆ ಕೊಡಲು ಒಪ್ಪಲಿಲ್ಲ. ಅವನಲ್ಲಿ ವಿದ್ಯೆಯ ಕೊರತೆಯಿರಲಿಲ್ಲ, ನಡತೆಯ ದೋಷವಿರಲಿಲ್ಲ. ಇದ್ದ ದೋಷವೊಂದೇ, ಅವನು ಈ ದೇಶದವನು. ಅಜ್ಜನ ದೇವರನ್ನು ಬಿಟ್ಟು ಬನ್ನಿರಿ, ನಮ್ಮಲ್ಲಿ ಬಂದರೆ ಒಂದೇ ಕುಟುಂಬ ಎಂದು ಕರೆದವರು, ಬಂದ ಮೇಲೆ ಒಳಗಿನ ಕೋಣೆಯ ಬಾಗಿಲನ್ನು ಮುಚ್ಚಿಕೊಂಡರು.

ಮನುಷ್ಯನು ಹಠವಾದಿ. ನೆಲದ ದಾರಿಯಲ್ಲಿ ಹೊರಟು 1625ರಲ್ಲಿ ರೋಮನ್ನು ಮುಟ್ಟಿದನು.

ರೋಮಿನಲ್ಲಿ ಆಗ ಗಾಳಿ ಬದಲಾಗುತ್ತಿದ್ದಿತು. ಪೂರ್ವ ದೇಶಗಳ ಇಗರ್ಜಿಗಳನ್ನು ಕಟ್ಟಿಸುವ, ಬಿಷಪ್ಪರನ್ನು ಸೂಚಿಸುವ ಹಕ್ಕನ್ನು ಪೋಪರು ಹಿಂದೆ ಪೋರ್ಚುಗಲ್ಲಿನ ದೊರೆಗಳಿಗೆ ಒಪ್ಪಿಸಿಬಿಟ್ಟಿದ್ದರು. ಇದಕ್ಕೆ ಪದ್ರುವಾದೋ ಎಂದು ಹೆಸರು. ಧರ್ಮವು ಹಡಗಿನ ಜೊತೆಯಲ್ಲಿ, ಫಿರಂಗಿಯ ನೆರಳಿನಲ್ಲಿ ಬಂದುದು ಹೀಗೆ. ಇದರಿಂದ ಆಗುತ್ತಿರುವ ಕೇಡನ್ನು ಕಂಡ ರೋಮಿನ ಕೆಲವರು 1622ರಲ್ಲಿ ಧರ್ಮಪ್ರಸಾರಕ್ಕಾಗಿ ಒಂದು ಹೊಸ ಸಂಘವನ್ನು ಮಾಡಿದರು. ಅದರ ಲ್ಯಾಟಿನ್ ಹೆಸರು ಪ್ರೊಪಗಾಂಡ. ಯುದ್ಧದ ಕಾಲದಲ್ಲಿ ಪತ್ರಿಕೆಗಳೂ ರೇಡಿಯೋಗಳೂ ಬೇಸರವಾಗುವಷ್ಟು ಬಳಸಿದ ಆ ಶಬ್ದವು ಹುಟ್ಟಿದುದು ಇಲ್ಲಿಂದ. ಸಂಘದ ಮೊದಲ ಕಾರ್ಯದರ್ಶಿಯಾದ ಫ್ರಾಂಚೆಸ್ಕೊ ಇಂಗೋಲಿ ಎಂಬವನದು ಒಂದೇ ಪಟ್ಟು: ಆಯಾ ದೇಶದ ಜನರೇ ಪಾದ್ರಿಗಳಾಗಬೇಕು, ಬಿಷಪ್ಪರಾಗಬೇಕು, ಇಲ್ಲವಾದರೆ ಕ್ರೈಸ್ತಧರ್ಮವು ಅಲ್ಲೆಲ್ಲ ಪರದೇಶಿಯರ ಧರ್ಮವಾಗಿಯೇ ಉಳಿಯುವುದು ಎಂದು. ದಿವಾಡಿಯ ಮತೇವುಸನು ಅವನ ಕಣ್ಣಿಗೆ ಬಿದ್ದನು. ರೋಮಿನಲ್ಲಿ ಓದಿ ದೀಕ್ಷೆ ಪಡೆದು ಊರಿಗೆ ಬಂದನು. ಗೋವೆಯವರು ಅವನ ರೋಮಿನ ಪತ್ರಗಳನ್ನು ಲೆಕ್ಕಿಸಲಿಲ್ಲ. ಮತ್ತೆ ರೋಮಿಗೆ ಹೋದನು. 1637ರಲ್ಲಿ ಅವನಿಗೆ ಬಿಷಪ್ ಪದವಿಯಾಯಿತು. ಕ್ರಿಸೊಪೊಲಿಸ್ ಎಂಬ ಹೆಸರಿಗಷ್ಟೇ ಉಳಿದಿದ್ದ ಹಳೆಯ ಪೀಠದ ಬಿರುದು, ಕೆಲಸಕ್ಕೆ ಆದಿಲಶಹನ ರಾಜ್ಯ. ಆ ರಾಜ್ಯವನ್ನು ಆರಿಸಿದುದರ ಗುಟ್ಟು ಸ್ಪಷ್ಟವಾಗಿದೆ. ಗೋವೆಗೆ ಅಷ್ಟು ಹತ್ತಿರವಾಗಿದ್ದೂ ಪೋರ್ಚುಗಲ್ ದೊರೆಯ ಮಾತು ನಡೆಯದ ನೆಲ ಅದೊಂದೇ.

ಹೀಗೆ, ಗೋಲಗುಮ್ಮಟವನ್ನು ಕಟ್ಟಿಸಿದ ಮಹಮ್ಮದ್ ಆದಿಲಶಹನ ಕಾಲದಲ್ಲಿ, ಕ್ರೈಸ್ತ ಬಿಷಪ್ಪನೊಬ್ಬನು ಡಿಚೋಲಿಯಲ್ಲಿ ಬಂದು ನೆಲಸಿದನು. ಡಿಚೋಲಿ, ಬಾಂದೆ, ವೆಂಗುರ್ಲೆಗಳಲ್ಲಿ ಇಗರ್ಜಿಗಳನ್ನು ಕಟ್ಟಿಸಿದನು. ಗೋವೆಯಲ್ಲಿ ದೀಕ್ಷೆ ಸಿಕ್ಕದ ದೇಶೀಯ ಹುಡುಗರಿಗೆ ಇಲ್ಲಿ ದೀಕ್ಷೆ ಕೊಟ್ಟನು. ದಿವಾಡಿಯ ದೇವರು ದಾಟಿದ ಹೊಳೆಯನ್ನೇ ದಿವಾಡಿಯ ಬಿಷಪ್ಪನೂ ದಾಟಿದನು. ಇಬ್ಬರಿಗೂ ಆಸರೆಯಾದ ಸೀಮೆ ಡಿಚೋಲಿ. ಇಬ್ಬರನ್ನೂ ದಾಟುವಂತೆ ಮಾಡಿದ ಅಧಿಕಾರ ಒಂದೇ. ಇಬ್ಬರಿಗೂ ಇರಗೊಟ್ಟ ದೊರೆತನ ಬಿಜಾಪುರದ್ದು. ಈ ಸಂಗತಿಯನ್ನು ಮೊದಲು ನಕ್ಷೆಯ ಮೇಲೆ ಬೆರಳಿಟ್ಟು ನೋಡಿದ ದಿನ ನಾವು ಬಹಳ ಹೊತ್ತು ಪುಸ್ತಕವನ್ನು ಮುಚ್ಚಿ ಕುಳಿತೆವು.

ಮುಂದಿನ ಕಥೆ ಅಷ್ಟು ಸೊಗಸಾಗಿಲ್ಲ. ಗೋವೆಯ ದೊಡ್ಡ ಪಾದ್ರಿಗಳು ಅವನನ್ನು ಮೈಬಣ್ಣ ಹಿಡಿದು ಹೀಯಾಳಿಸಿದರು; ಆ ಮಾತುಗಳನ್ನು ರೇಡಿಯೋದಲ್ಲಿ ಆಡುವಂತಿಲ್ಲ. ಅವನು ದೂರಿನ ಮೇಲೆ ದೂರು ಬರೆದನು. 1653ರಲ್ಲಿ ‘ಬ್ರಾಹ್ಮಣರ ಕನ್ನಡಿ’ ಎಂಬ ಅರ್ಥದ ಹೆಸರಿನ ಪೋರ್ಚುಗೀಸ್ ಪ್ರಬಂಧವೊಂದನ್ನು ಬರೆದು ಗೋವೆಯ ತನ್ನವರನ್ನು ಎಚ್ಚರಿಸಿದನು. ಮರುವರ್ಷ ಬಿಜಾಪುರದ ದಂಡು ಗೋವೆಯ ಸೀಮೆಗಳಿಗೆ ನುಗ್ಗಿದಾಗ ಅದನ್ನು ಕರೆತಂದವನು ಈ ಬಿಷಪ್ಪನೇ ಎಂದು ಪೋರ್ಚುಗೀಸರು ಆರೋಪಿಸಿದರು. ಕೊನೆಗೆ ಅವನು ರೋಮನ್ನು ಸೇರಿ, 1670ರ ದಶಕದಲ್ಲಿ ಅಲ್ಲಿಯೇ ತೀರಿಕೊಂಡನು.

ಇವನು ದ್ರೋಹಿಯೋ, ಪೀಡಿತನೋ? ಲಿಸ್ಬನ್ನಿನ ಕಡೆಯ ಚರಿತ್ರಕಾರರಿಗೆ ದ್ರೋಹಿ. ಈಚಿನ ಗೋವೆಯ ಕೆಲವರಿಗೆ ಸ್ವಾತಂತ್ರ್ಯವೀರ. ನಮಗೆ ಎರಡೂ ಅತಿಯೆಂದು ಕಾಣುತ್ತದೆ. ಅವನು ಜಗಳಗಂಟನೆಂಬುದನ್ನು ಅವನ ಸ್ನೇಹಿತರೂ ಅಲ್ಲಗಳೆಯಲಾರರು. ಅದಕ್ಕಿಂತ ಹೆಚ್ಚಾಗಿ ನಮ್ಮ ಮನಸ್ಸನ್ನು ಕೊರೆಯುವ ಸಂಗತಿ ಬೇರೊಂದಿದೆ. ಅವನು ಕನ್ನಡಿ ಹಿಡಿದುದು ಬ್ರಾಹ್ಮಣರಿಗೆ. ಬಿಳಿಯರು ತನ್ನನ್ನು ಸಮಾನನೆಂದು ಕಾಣಲಿಲ್ಲವೆಂದು ಸುಟ್ಟುಕೊಂಡ ಮನುಷ್ಯನು, ಕ್ರೈಸ್ತರಾದ ಕೆಳಜಾತಿಗಳವರನ್ನು ತನ್ನ ಸಮಾನರೆಂದು ಕಂಡುದಕ್ಕೆ ಅವನ ಬರಹದಲ್ಲಿ ಹೆಚ್ಚಿನ ಗುರುತಿಲ್ಲ. ಕುಲೀನತೆಯ ಹೆಮ್ಮೆ ನೀರಿನಲ್ಲಿ ಮುಳುಗಿ ಎದ್ದರೂ ತೊಳೆದುಹೋಗಿರಲಿಲ್ಲ. ಒಡಹುಟ್ಟಿನ ಮಾತನ್ನು ಗೋವೆಯ ಆರ್ಚ್‌ಬಿಷಪ್ಪನು ಬಣ್ಣದ ಗೆರೆಯ ಹತ್ತಿರ ನಿಲ್ಲಿಸಿದನು. ಕ್ಯಾಸ್ಟ್ರೋ ಅದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದು ಜಾತಿಯ ಗೆರೆಯ ಹತ್ತಿರ ನಿಲ್ಲಿಸಿದನು. ಬಸವಣ್ಣನವರು ಹುಟ್ಟಿದ ಬಾಗೇವಾಡಿಯು ಇದೇ ವಿಜಯಪುರ ಜಿಲ್ಲೆಯಲ್ಲಿದೆ. ಆ ಗೆರೆಯನ್ನು ಅಳಿಸಹೊರಟವರ ಕಥೆಯನ್ನು ಈ ಬಿಷಪ್ಪನು ಕೇಳಿದ್ದನೆ? ಕೇಳಿದ್ದರೆ ಏನೆನ್ನುತ್ತಿದ್ದನು? ಇದು ಇತಿಹಾಸಕಾರನು ಕೇಳಬಾರದ ಪ್ರಶ್ನೆ; ಆದರೂ ಬಾಗೇವಾಡಿಯ ದಾರಿಯಲ್ಲಿ ಹೋಗುವಾಗಲೆಲ್ಲ ನಾವು ಕೇಳಿಕೊಳ್ಳುತ್ತೇವೆ.

ಕ್ಯಾಸ್ಟ್ರೋವಿನ ತರುವಾಯ ಕುಸ್ತೋದಿಯೊ ದೆ ಪಿನ್ಹೊ ಎಂಬ ಮತ್ತೊಬ್ಬ ಗೋವೆಯವನು 1669ರಲ್ಲಿ ಬಿಜಾಪುರ ಗೋಲ್ಕೊಂಡಗಳಿಗೆ ಬಿಷಪ್ಪನಾದನು. 1686ರಲ್ಲಿ ಔರಂಗಜೇಬನು ಬಿಜಾಪುರವನ್ನು ಗೆದ್ದನು. ಮರುವರ್ಷ ಗೋಲ್ಕೊಂಡವೂ ಬಿದ್ದಿತು. ರಾಜ್ಯವೇ ಇಲ್ಲವಾದ ಮೇಲೆ ಬಿಷಪ್ಪನ ಪ್ರಾಂತಕ್ಕೆ ಮೊಗಲರ ಹೆಸರು ಬಂದಿತು. 1720ರಲ್ಲಿ ಅದರ ಅಧಿಕಾರಿಯು ಇಂಗ್ಲಿಷರ ಮುಂಬಯಿಗೆ ಹೋಗಿ ನೆಲಸಿದನು. ಮುಂಬಯಿಯ ಈಗಿನ ಆರ್ಚ್‌ಬಿಷಪ್ಪರ ಪೀಠದ ವಂಶಾವಳಿಯನ್ನು ಹಿಂದಕ್ಕೆ ಹಿಂದಕ್ಕೆ ಎಳೆದುಕೊಂಡು ಹೋದರೆ ಅದು ಬಂದು ನಿಲ್ಲುವುದು ಆದಿಲಶಹನ ನೆಲದಲ್ಲಿ. ಲ್ಯಾಟಿನ್ ಸಂಪ್ರದಾಯದಲ್ಲಿ ದೇಶೀಯರನ್ನು ಬಿಷಪ್ಪರನ್ನಾಗಿ ಮಾಡುವ ಧೈರ್ಯವು ಮಾತ್ರ 17ನೆಯ ಶತಮಾನದೊಡನೆ ಮುಗಿದುಹೋಯಿತು. ಆ ಬಾಗಿಲು ಮತ್ತೆ ತೆರೆದುದು 1923ರಲ್ಲಿ, ತೂತುಕುಡಿಯ ಬಿಷಪ್ಪರಾಗಿ ತಿಬೂರ್ತಿಯುಸ್ ರೋಚ್ ಅವರ ನೇಮಕವಾದಾಗ. ನಡುವೆ ಇನ್ನೂರು ವರ್ಷಕ್ಕೂ ಮಿಕ್ಕಿದ ಮೌನ.

ಈಗ ರೋಮಿನ ಮಾತಿಗೆ ಬರೋಣ. 1659ರಲ್ಲಿಯೇ ಪ್ರೊಪಗಾಂಡ ಸಂಘವು ಚೀನ ಮುಂತಾದ ದೇಶಗಳಿಗೆ ಹೊರಟ ತನ್ನ ಬಿಷಪ್ಪರಿಗೆ, ಅಲ್ಲಿಯ ಜನರ ನಡೆ ನುಡಿ ಆಚಾರಗಳು ಧರ್ಮಕ್ಕೂ ಸನ್ನಡತೆಗೂ ತೀರ ವಿರುದ್ಧವಾಗಿಲ್ಲದಿದ್ದರೆ ಅವನ್ನು ಕೆಡಿಸಲು ಹೋಗಬೇಡಿರಿ, ಯೂರೋಪನ್ನು ಹೊತ್ತುಕೊಂಡು ಹೋಗಬೇಡಿರಿ ಎಂದು ಸೂಚನೆ ಕೊಟ್ಟಿದ್ದಿತು. ಒಳ್ಳೆಯ ಮಾತು, ಕಾಗದದಲ್ಲಿ ಉಳಿಯಿತು. ಅನ್ಯಧರ್ಮಗಳನ್ನು ಕುರಿತ ನೇರವಾದ ಮಾತಿಗೆ ಇನ್ನೂ ಮೂರು ಶತಮಾನ ಕಾಯಬೇಕಾಯಿತು. 1965ನೆಯ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ‘ನೋಸ್ತ್ರಾ ಏತಾತೆ’ ಎಂಬ ಘೋಷಣೆಯನ್ನು ಹೊರಡಿಸಿತು. ಪರವಾಗಿ 2221 ಮತ, ವಿರುದ್ಧವಾಗಿ 88. ಹಿಂದೂ ಬೌದ್ಧ ಧರ್ಮಗಳಲ್ಲಿರುವ ಸತ್ಯವಾದುದನ್ನೂ ಪವಿತ್ರವಾದುದನ್ನೂ ಸಭೆಯು ತಳ್ಳಿಹಾಕುವುದಿಲ್ಲವೆಂದು ಅದರಲ್ಲಿದೆ. ಮುಸಲ್ಮಾನರೊಡನೆ ಹಿಂದೆ ನಡೆದ ಕಲಹಗಳನ್ನು ಮರೆತು ನ್ಯಾಯಕ್ಕಾಗಿಯೂ ಶಾಂತಿಗಾಗಿಯೂ ಕೂಡಿ ದುಡಿಯಬೇಕೆಂದಿದೆ. ಇವನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಆದರೆ ಆ ಪುಟ್ಟ ಘೋಷಣೆಯ ಕೊನೆಯ ಭಾಗವನ್ನು ಓದುವವರು ಕಡಮೆ. ಮನುಷ್ಯರಲ್ಲಿ ಕೆಲವರನ್ನು ಸೋದರರಂತೆ ಕಾಣಲು ಒಲ್ಲೆನೆಂದವನಿಗೆ ದೇವರನ್ನು ಎಲ್ಲರ ತಂದೆಯೆಂದು ಕರೆಯುವ ಅಧಿಕಾರವಿಲ್ಲವೆಂದೂ, ಕುಲ, ಬಣ್ಣ, ಸ್ಥಿತಿ, ಧರ್ಮಗಳ ನೆವದಿಂದ ಭೇದ ಮಾಡುವುದು ಕ್ರಿಸ್ತನ ಮನಸ್ಸಿಗೆ ವಿರುದ್ಧವೆಂದೂ ಅಲ್ಲಿ ಹೇಳಿದೆ. ಡಿಚೋಲಿಯ ಬಿಷಪ್ಪನ ಕಥೆಯನ್ನು ಬಲ್ಲವರಿಗೆ ಈ ಸಾಲುಗಳು ಬೇರೆಯ ದನಿಯಲ್ಲಿ ಕೇಳಿಸುತ್ತವೆ.

ತರುವಾಯದ ಪತ್ರಗಳೂ ಇದೇ ದಾರಿಯಲ್ಲಿವೆ. 2019ರ ಫೆಬ್ರವರಿ 4ರಂದು ಅಬುಧಾಬಿಯಲ್ಲಿ ಪೋಪ್ ಫ್ರಾನ್ಸಿಸರೂ ಈಜಿಪ್ಟಿನ ಅಲ್ ಅಜ್ಹರಿನ ಇಮಾಮರಾದ ಅಹ್ಮದ್ ಅಲ್ ತಯ್ಯಿಬರೂ ಮಾನವ ಸೋದರತೆಯ ಪತ್ರಕ್ಕೆ ಜೊತೆಯಾಗಿ ರುಜು ಹಾಕಿದರು. 2020ರ ಅಕ್ಟೋಬರಿನಲ್ಲಿ ಪೋಪರು ‘ಫ್ರತೆಲ್ಲಿ ತುತ್ತಿ’ ಎಂಬ ದೀರ್ಘ ಪತ್ರವನ್ನು ಹೊರಡಿಸಿದರು. 1219ರಲ್ಲಿ, ಧರ್ಮಯುದ್ಧದ ನಟ್ಟನಡುವೆ, ಅಸ್ಸೀಸಿಯ ಸಂತ ಫ್ರಾನ್ಸಿಸನು ಆಯುಧವಿಲ್ಲದೆ ಈಜಿಪ್ಟಿನ ಸುಲ್ತಾನ ಮಲಿಕ್ ಅಲ್ ಕಾಮಿಲನ ಬಳಿಗೆ ಹೋದ ಕಥೆ ಅದರ ಮೊದಲಲ್ಲಿಯೇ ಬರುತ್ತದೆ. ಸಮಾಜದಲ್ಲಿ ಧರ್ಮಗಳಿಗೆ ಏನು ಕೆಲಸವೆಂಬುದನ್ನು ಕುರಿತು ಕೊನೆಯ ಅಧ್ಯಾಯವಿದೆ: ರಾಜ್ಯವಾಳುವುದು ಧರ್ಮದ ಕೆಲಸವಲ್ಲ; ಹಾಗೆಂದು ಬೀದಿಯಲ್ಲಿ ನಡೆಯುವ ಅನ್ಯಾಯಕ್ಕೆ ಬೆನ್ನು ಮಾಡಿ ಗುಡಿಯೊಳಗೆ ಕುಳಿತಿರುವುದೂ ಅಲ್ಲ ಎಂಬುದು ಅದರ ಹುರುಳು. ಪದ್ರುವಾದೋವಿನ ಕಾಲದ ಗೋವೆಯಲ್ಲಿ ಈ ಮಾತನ್ನು ಆಡಿದವನು ಮತವಿಚಾರಣೆಯ ಸೆರೆಮನೆಯನ್ನು ಕಾಣುತ್ತಿದ್ದನೇನೋ!

ಕ್ಯಾಸ್ಟ್ರೋ ನಿಂತ ಜಾತಿಯ ಗೆರೆ ಏನಾಯಿತೆಂದು ಕೇಳುವವರಿರಬಹುದು. 2016ರಲ್ಲಿ ಭಾರತದ ಕೆಥೋಲಿಕ್ ಬಿಷಪ್ಪರ ಸಮ್ಮೇಳನವು ದಲಿತರ ವಿಷಯವಾಗಿ ಒಂದು ನೀತಿಪತ್ರವನ್ನು ಪ್ರಕಟಿಸಿ, ಅಸ್ಪೃಶ್ಯತೆಯ ಆಚರಣೆಯು ತಮ್ಮ ಸಭೆಯೊಳಗೇ ಇದೆಯೆಂದು ಒಪ್ಪಿಕೊಂಡಿತು. ತಮ್ಮ ಮನೆಯ ಕೊಳೆಯನ್ನು ತಾವೇ ಹೇಳಿಕೊಳ್ಳುವುದು ಸುಲಭವಲ್ಲ. 2022ರಲ್ಲಿ ಹೈದರಾಬಾದಿನ ಆರ್ಚ್‌ಬಿಷಪ್ಪರಾದ ಆಂಥೊನಿ ಪೂಲ ಅವರು ಕಾರ್ಡಿನಲ್ ಆದರು. ದಲಿತ ವರ್ಗದಿಂದ ಆ ಪದವಿಗೆ ಏರಿದವರಲ್ಲಿ ಅವರೇ ಮೊದಲಿಗರು. ಹೈದರಾಬಾದು ಎಂದರೆ ಹಳೆಯ ಗೋಲ್ಕೊಂಡದ ರಾಜಧಾನಿ. ಕುಸ್ತೋದಿಯೊ ದೆ ಪಿನ್ಹೊವಿಗೆ ಬಿಜಾಪುರದ ಜೊತೆಗೆ ವಹಿಸಿಕೊಟ್ಟಿದ್ದ ಆ ನೆಲವೇ.

ಇನ್ನೊಂದು ಸಂಗತಿಯನ್ನು ಹೇಳಿ ನಮ್ಮ ಪ್ರವಾಸದ ಕಡೆಗೆ ಹಿಂದಿರುಗುತ್ತೇವೆ. ವ್ಯಾಟಿಕನ್ನಿನ ಆ ಘೋಷಣೆಗೆ ಇನ್ನೂ ಹನ್ನೊಂದು ತಿಂಗಳು ಇರುವಾಗ, 1964ರ ಡಿಸೆಂಬರಿನಲ್ಲಿ, ಆರನೆಯ ಪಾಲ್ ಪೋಪರು ಇಂಡಿಯಾಕ್ಕೆ ಬಂದರು. ಪೋಪರೊಬ್ಬರು ಈ ನೆಲದ ಮೇಲೆ ಕಾಲಿಟ್ಟುದು ಅದೇ ಮೊದಲು. ಬಂದುದು ಮುಂಬಯಿಗೆ, ಬಿಜಾಪುರದ ಮಗಳಾದ ಆ ಪೀಠಕ್ಕೆ. ಬರಮಾಡಿಕೊಂಡವರು ಅಲ್ಲಿಯ ಆರ್ಚ್‌ಬಿಷಪ್ಪರೂ ಭಾರತದ ಮೊದಲ ಕಾರ್ಡಿನಲ್ಲರೂ ಆದ ವಲೇರಿಯನ್ ಗ್ರೇಶಿಯಸ್, ಗೋವೆಯ ಮನೆತನದವರು. ಅನ್ಯಧರ್ಮಗಳ ಪ್ರಮುಖರನ್ನು ಕಂಡಾಗ ಪೋಪರು ಬೃಹದಾರಣ್ಯಕ ಉಪನಿಷತ್ತಿನ ಪ್ರಾರ್ಥನೆಯೊಂದನ್ನು, ಕತ್ತಲೆಯಿಂದ ಬೆಳಕಿಗೆ ಕರೆದೊಯ್ಯೆಂಬ ಆ ಪ್ರಾರ್ಥನೆಯನ್ನು, ತಮ್ಮ ಭಾಷಣದಲ್ಲಿ ಎತ್ತಿ ಹೇಳಿದರು. ಗೋವೆಯಲ್ಲಿ ಉಪನಿಷತ್ತಿನವರ ದೇವರುಗಳು ರಾತ್ರೋರಾತ್ರಿ ಹೊಳೆಯನ್ನು ದಾಟಿ ಆಗ ನಾನೂರು ವರ್ಷಗಳಾಗಿದ್ದುವು.

ಬಿಜಾಪುರದ ಪ್ರವಾಸವು ಮುಗಿದ ಬೇಸಗೆಯ ರಜೆಯಲ್ಲಿ ನಾವು ದಿವಾಡಿಗೆ ಹೋಗಿದ್ದೆವು. ಪ್ರಶ್ನೆ ಕೇಳಿದ್ದ ಆ ಹುಡುಗನೂ ಜೊತೆಗೆ ಬಂದಿದ್ದನು. ದ್ವೀಪಕ್ಕೆ ಸೇತುವೆ ಇರಲಿಲ್ಲ. ಗುಡ್ಡದ ಮೇಲಿನ ಇಗರ್ಜಿಯನ್ನು ನೋಡಿಕೊಂಡು ಬಡಗಣ ದಡಕ್ಕೆ ಇಳಿದು ಯಂತ್ರದ ದೋಣಿಯನ್ನು ಹತ್ತಿದೆವು. ನಮ್ಮ ಜೊತೆಯಲ್ಲಿ ಸಂತೆಯ ಬುಟ್ಟಿಯನ್ನು ಹಿಡಿದ ಇಬ್ಬರು ಕ್ರೈಸ್ತ ಹೆಂಗಸರೂ, ತೆಂಗಿನಕಾಯಿ ಹೂವುಗಳ ಚೀಲ ಹಿಡಿದ ಒಬ್ಬ ಮುದುಕರೂ, ಎರಡು ಮೋಟಾರುಬೈಸಿಕಲ್ಲುಗಳೂ ಇದ್ದುವು. ಹುಡುಗನು ಆಚೆಯ ದಡವನ್ನು ತೋರಿಸಿ, “ಸರ್, ಅದೇ ಏನು ಆದಿಲಶಾಹಿಯ ಗಡಿ?” ಎಂದನು. ಅದೇ ಎಂದೆವು. ಮುದುಕರು ನಮ್ಮ ಮಾತಿನ ಕನ್ನಡವನ್ನು ಗುರುತಿಸಿ, ನಾರ್ವೆಯ ಸಪ್ತಕೋಟೀಶ್ವರನಿಗೆ ಹೋಗುವವರೆ ಎಂದು ಕೇಳಿದರು. ಹೌದೆಂದೆವು. ದೋಣಿ ಸ್ವಲ್ಪ ಹೊತ್ತಿನಲ್ಲಿಯೇ ದಡವನ್ನು ಮುಟ್ಟಿತು; ಬುಟ್ಟಿಯ ಹೆಂಗಸರು ಮುದುಕರ ಚೀಲವನ್ನು ಇಳಿಸಿಕೊಟ್ಟು ತಮ್ಮ ದಾರಿಯನ್ನು ಹಿಡಿದು ಹೋದರು.